ಸೈಕಲ್ ಹ್ಯಾಂಡಲಿಗೆ ಕಟ್ಟುವ ಹಾಸಿಗೆ: ಸ್ಲೀಪಿಂಗ್ ಬ್ಯಾಗ್ ಆರಿಸುವ ಬಗೆ

ದೀಪಾವಳಿ ಮುಗಿದು ಮಳೆ ಹಿಂದೆಗೆಯುತ್ತಿದ್ದಂತೆ ಸೈಕಲ್ ಬಳಗಗಳಲ್ಲಿ ಒಂದು ಪ್ರಶ್ನೆ ಸುತ್ತತೊಡಗುತ್ತದೆ: ಸ್ಲೀಪಿಂಗ್ ಬ್ಯಾಗ್, ಅಂದರೆ ಒಳಹೊಕ್ಕು ಮಲಗುವ ಹೊದಿಕೆಯ ಚೀಲ, ಯಾವುದು ಕೊಳ್ಳಲಿ? ಬೆಳಗ್ಗೆ ಹೊರಟು ಮಧ್ಯಾಹ್ನ ಮರಳುವ ಸವಾರಿ ಹಳತಾಗಿ, ಸಕಲೇಶಪುರವನ್ನೋ ಚಿಕ್ಕಮಗಳೂರನ್ನೋ ದಾಟಿ ಎರಡು ಮೂರು ರಾತ್ರಿ ಹೊರಗೇ ಕಳೆಯುವ ಹುರುಪು ಬಂದವರು ಕೇಳುವ ಪ್ರಶ್ನೆ ಇದು. ಅಂಗಡಿಗೆ ಹೋದರೆ ಒಂದೇ ತೆರನಾಗಿ ಕಾಣುವ ಹತ್ತಾರು ಚೀಲಗಳು. ಕೆಲವದರ ಮೇಲೆ ಒಂದೇ ಉಷ್ಣಾಂಶ, ಕೆಲವದರ ಮೇಲೆ ಮೂರು. ಬೆಲೆ ಒಂದೂವರೆ ಸಾವಿರದಿಂದ ಇಪ್ಪತ್ತು ಸಾವಿರವನ್ನೂ ದಾಟುತ್ತದೆ. ಮಾರುವವರು ಸಾಮಾನ್ಯವಾಗಿ ಹೆಚ್ಚು ಬೆಚ್ಚಗಿರುವುದನ್ನೇ ತೋರಿಸುತ್ತಾರೆ. ಸೈಕಲ್ ಸವಾರನಿಗೆ ಅದೇ ಸರಿಯಾದ ಆಯ್ಕೆ ಆಗಬೇಕೆಂದಿಲ್ಲ. ಅದೇಕೆ ಎಂದು ತಿಳಿಯಲು ಸ್ವಲ್ಪ ಬುಡದಿಂದ ಶುರುಮಾಡಬೇಕು.

ಇಲ್ಲಿ ಬೈಕ್ ಎಂದರೆ ಸೈಕಲ್ಲು

ಬೈಕ್‌ಪ್ಯಾಕಿಂಗ್ ಎಂದೊಡನೆ ನಮ್ಮಲ್ಲಿ ಮೋಟಾರ್ ಬೈಕ್ ಕಣ್ಣ ಮುಂದೆ ಬರುತ್ತದೆ. ಈ ಪದದಲ್ಲಿರುವುದು ತುಳಿಯುವ ಸೈಕಲ್ಲು. ಹಿಂದೆ ಸೈಕಲ್ ಪ್ರವಾಸಕ್ಕೆ ಹೊರಟವರು ಹಿಂಬದಿಗೆ ಕಬ್ಬಿಣದ ಕ್ಯಾರಿಯರ್ ಕೂರಿಸಿ, ಅದರ ಎರಡೂ ಪಕ್ಕಕ್ಕೆ ದೊಡ್ಡ ಚೀಲ ತೂಗುಹಾಕುತ್ತಿದ್ದರು. ಇಂದೂ ಹಾಗೆ ಹೋಗುವವರು ಬಹಳ ಮಂದಿ. ಬೈಕ್‌ಪ್ಯಾಕಿಂಗ್‌ನಲ್ಲಿ ಕ್ಯಾರಿಯರ್ ಇರುವುದಿಲ್ಲ. ಹ್ಯಾಂಡಲಿನ ಮುಂದೆ ಒಂದು ಉರುಟು ಚೀಲ, ಫ್ರೇಮಿನ ತ್ರಿಕೋನದೊಳಗೆ ಒಂದು, ಸೀಟಿನ ಹಿಂದೆ ಬಾಲದಂತೆ ಚಾಚಿಕೊಂಡ ಮತ್ತೊಂದು. ಎಲ್ಲವನ್ನೂ ಪಟ್ಟಿಗಳಿಂದ ಬಿಗಿದು ಕಟ್ಟಲಾಗುತ್ತದೆ. ಇದರಿಂದ ಸೈಕಲ್ ಹಗುರವಾಗಿ, ಕಿರಿದಾಗಿ ಉಳಿಯುತ್ತದೆ. ಕಾಫಿ ತೋಟದ ಮಣ್ಣುರಸ್ತೆಯಲ್ಲಿ, ಕಲ್ಲುದಾರಿಯಲ್ಲಿ ಗಡಗಡ ಸದ್ದಿಲ್ಲದೆ ಇಳಿಯುತ್ತದೆ.

ಬದಲಿಗೆ ಜಾಗವನ್ನು ಬಿಟ್ಟುಕೊಡಬೇಕಾಗುತ್ತದೆ. ಎಲ್ಲ ಚೀಲಗಳನ್ನು ಸೇರಿಸಿದರೂ ಸಿಗುವುದು ಸುಮಾರು 25ರಿಂದ 35 ಲೀಟರ್, ಅಂದರೆ ಮಕ್ಕಳ ಒಂದು ದೊಡ್ಡ ಶಾಲಾಚೀಲದಷ್ಟು. ಗುಡಾರ, ಬಟ್ಟೆ, ಪಂಕ್ಚರ್ ಸಾಮಾನು, ಒಂದಿಷ್ಟು ತಿಂಡಿ ಎಲ್ಲವೂ ಅದರೊಳಗೇ. ಈ ಸಾಮಾನುಗಳಲ್ಲಿ ಅತಿ ಹೆಚ್ಚು ಜಾಗ ನುಂಗುವುದು ಸ್ಲೀಪಿಂಗ್ ಬ್ಯಾಗೇ. ಬೆನ್ನಿಗೆ 60 ಲೀಟರಿನ ಚೀಲ ಹೊತ್ತು ಚಾರಣಕ್ಕೆ ಹೋಗುವವರಿಗೆ ಹೊಂದುವ ಸಲಹೆ ಸೈಕಲ್ಲಿನವರಿಗೆ ಹೊಂದದಿರುವುದು ಈ ಕಾರಣಕ್ಕೆ.

ಚೀಲ ಬಿಸಿ ಹುಟ್ಟಿಸುವುದಿಲ್ಲ

ಸ್ಲೀಪಿಂಗ್ ಬ್ಯಾಗಿನಲ್ಲಿ ಶಾಖ ಇರುವುದಿಲ್ಲ. ಶಾಖ ಹುಟ್ಟುವುದು ನಿಮ್ಮ ಮೈಯಲ್ಲಿ. ಚೀಲ ಅದನ್ನು ಹೊರಗೆ ಹೋಗಗೊಡುವುದಿಲ್ಲ, ಅಷ್ಟೇ. ಆ ಕೆಲಸ ಮಾಡುವುದೂ ಬಟ್ಟೆಯಲ್ಲ, ಬಟ್ಟೆಯೊಳಗೆ ಸಿಕ್ಕಿಬಿದ್ದ ಅಲುಗಾಡದ ಗಾಳಿ.

ಹಳೆಯ ಹತ್ತಿ ಹಾಸಿಗೆ ಚಪ್ಪಟೆಯಾದಾಗ, ಬಿಲ್ಲಿನಂಥ ಸಲಕರಣೆ ಹೆಗಲಿಗೇರಿಸಿ ತಂತಿ ಮೀಟುತ್ತ ಬೀದಿಯಲ್ಲಿ ಬರುತ್ತಿದ್ದ ಹತ್ತಿ ಹಿಂಜುವವರನ್ನು ಮನೆಯಲ್ಲಿ ಕರೆಯುತ್ತಿದ್ದರು. ಅವರು ಹೊಸ ಹತ್ತಿ ಹಾಕುತ್ತಿರಲಿಲ್ಲ. ಇದ್ದ ಹತ್ತಿಯ ಎಳೆಗಳನ್ನೇ ಬಿಡಿಸಿ ನಡುವೆ ಗಾಳಿ ತುಂಬುತ್ತಿದ್ದರು. ಅದೇ ತೂಕದ ಹತ್ತಿ ಎರಡರಷ್ಟು ಉಬ್ಬಿ, ಆ ರಾತ್ರಿಯಿಂದಲೇ ಬೆಚ್ಚಗಾಗುತ್ತಿತ್ತು. ಸ್ಲೀಪಿಂಗ್ ಬ್ಯಾಗಿನ ವಿಜ್ಞಾನ ಇಷ್ಟೇ. ಎಷ್ಟು ಉಬ್ಬುತ್ತದೋ ಅಷ್ಟು ಬೆಚ್ಚಗೆ. ಎಷ್ಟು ಕಡಿಮೆ ತೂಕದಲ್ಲಿ ಉಬ್ಬುತ್ತದೋ ಅಷ್ಟು ದುಬಾರಿ.

ಕಂಬಳಿಯನ್ನೋ ಕೌದಿಯನ್ನೋ ಒಯ್ದರೆ ಆಗದೇ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಕರಿ ಕಂಬಳಿ ತಲೆತಲಾಂತರದಿಂದ ಕುರಿಗಾಹಿಗಳನ್ನು ಮಳೆಯಲ್ಲೂ ಚಳಿಯಲ್ಲೂ ಕಾದಿದೆ. ಆದರೆ ಅದನ್ನು ಹಿಂಡಿ ಸಣ್ಣದು ಮಾಡಲಾಗದು. ಕೌದಿ ಹಳೆಯ ಸೀರೆಗಳ ಪದರ; ಹತ್ತಿಯಾದ್ದರಿಂದ ಇಬ್ಬನಿಯನ್ನು ಹೀರಿ ಭಾರವಾಗುತ್ತದೆ. ಕಾರಿನಲ್ಲಿ ಹೋಗುವವರು ಧಾರಾಳವಾಗಿ ಒಯ್ಯಬಹುದು.

ಲೇಬಲ್ಲಿನ ಮೂರು ಅಂಕಿಗಳು

ಬಹುತೇಕರು ಎಡವುವುದು ಇಲ್ಲಿ. ಒಳ್ಳೆಯ ಚೀಲಗಳ ಲೇಬಲ್ಲಿನಲ್ಲಿ ಮೂರು ಉಷ್ಣಾಂಶಗಳಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಇವು ಕಂಪನಿಯವರ ಊಹೆಯಲ್ಲ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಅಳೆದು ಬಂದವು. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಯುರೋಪಿನ ಇಎನ್ 13537 ಮಾನದಂಡವಿತ್ತು. ಕೆಲವು ಚೀಲಗಳಲ್ಲಿ ಈಗಲೂ ಆ ಹಳೆಯ ಹೆಸರು ಕಾಣುತ್ತದೆ, ಅರ್ಥದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಅಳೆಯುವ ರೀತಿ ಸ್ವಾರಸ್ಯಕರ. ಮನುಷ್ಯನ ಗಾತ್ರದ, ಒಳಗೆ ವಿದ್ಯುತ್ತಿನಿಂದ ಬಿಸಿಯಾಗುವ ಒಂದು ಬೊಂಬೆಗೆ ತುಂಬುತೋಳಿನ ಒಳ ಅಂಗಿ, ಉದ್ದನೆಯ ಪೈಜಾಮ, ಕಾಲುಚೀಲ ತೊಡಿಸಿ, ಚೀಲದೊಳಗೆ ಹಾಕಿ, ಕೆಳಗೊಂದು ಚಾಪೆ ಹಾಸಿ, ತಣ್ಣನೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಮೈಯ ಬಿಸಿ ಉಳಿಯಬೇಕಾದರೆ ಎಷ್ಟು ವಿದ್ಯುತ್ ಬೇಕಾಗುತ್ತದೆ ಎಂಬುದರ ಮೇಲೆ ಚೀಲ ಎಷ್ಟು ಶಾಖ ಸೋರಿಸುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಅದರಿಂದ ಬರುವ ಅಂಕಿಗಳ ಅರ್ಥ ಹೀಗೆ.

ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಕೈಕಾಲು ಸಡಿಲಬಿಟ್ಟು ಮಲಗಿ, ಚಳಿಯೆನಿಸದೆ ನಿದ್ರಿಸಬಹುದಾದ ಉಷ್ಣಾಂಶ. ಲಿಮಿಟ್ ಎಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿಕೊಂಡು ರಾತ್ರಿಯನ್ನು ಹೇಗೋ ಕಳೆಯಬಹುದಾದ ಉಷ್ಣಾಂಶ. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯ ಮಾತೇ ಇಲ್ಲ. ಆರು ಗಂಟೆ ಕಾಲ ಜೀವ ಉಳಿಸಿಕೊಳ್ಳಬಹುದು, ಅಷ್ಟೇ. ಹಿಮಕಡಿತದಿಂದ ಬೆರಳಿಗೆ ಅಪಾಯವಾಗಲೂಬಹುದು.

ನಾನು ಮೊದಲ ಬಾರಿಗೆ ಕೊಂಡ ಚೀಲದ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ −5 ಎಂದು ಅಚ್ಚಾಗಿತ್ತು. ಕರ್ನಾಟಕದಲ್ಲಿ ಅಷ್ಟು ಚಳಿ ಎಲ್ಲಿದೆ ಎಂದು ಬೀಗುತ್ತ ಜನವರಿಯಲ್ಲಿ ಕೆಮ್ಮಣ್ಣುಗುಂಡಿಯ ಕಡೆ ಹೋಗಿ, ಇದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು ಕೋಳಿ ಕೂಗುವುದನ್ನೇ ಕಾಯುತ್ತ ಕುಳಿತೆ. ಮನೆಗೆ ಬಂದು ಲೇಬಲ್ಲನ್ನು ಬೆಳಕಿಗೆ ಹಿಡಿದಾಗ ಗೊತ್ತಾಯಿತು: ಆ −5 ಎಕ್ಸ್‌ಟ್ರೀಮ್ ಅಂಕಿ. ಕಂಫರ್ಟ್ 12 ಎಂದು ಸೂಜಿಮೊನೆಯಷ್ಟು ಅಕ್ಷರದಲ್ಲಿ ಒಳಮಡಿಕೆಯಲ್ಲಿತ್ತು.

ಆದ್ದರಿಂದ ಗಂಡಸರಾಗಲಿ ಹೆಂಗಸರಾಗಲಿ ನೋಡಬೇಕಾದ್ದು ಕಂಫರ್ಟ್ ಅಂಕಿಯನ್ನು. ಚೀಲದ ಮೇಲೆ ಒಂದೇ ಅಂಕಿಯಿದ್ದು ಅದು ಯಾವುದೆಂದು ಬರೆದಿಲ್ಲವಾದರೆ ಅದನ್ನು ನಂಬಿ ಹಣ ಹಾಕಬೇಡಿ. ಇನ್ನೊಂದು ಮಾತು: ದಿನವಿಡೀ ಘಾಟಿ ಹತ್ತಿ, ಸಂಜೆ ಸರಿಯಾಗಿ ಉಣ್ಣದೆ ಮಲಗಿದ ದೇಹ ಪ್ರಯೋಗಾಲಯದ ಬೊಂಬೆಯಷ್ಟು ಶಾಖ ಹುಟ್ಟಿಸುವುದಿಲ್ಲ. ನೀವು ಹೋಗುವ ಜಾಗದ ಚಳಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇರುವ ಕಂಫರ್ಟ್ ಆರಿಸುವುದು ಕ್ಷೇಮ.

ನಿಮ್ಮ ರಾತ್ರಿಯ ಚಳಿ ಎಷ್ಟು?

ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15–16 ಡಿಗ್ರಿ. ಈ ನಗರದ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಿಮ್ಮ ದಾರಿಯಲ್ಲಿನ ಎತ್ತರದ ಜಾಗಗಳ ಉಷ್ಣಾಂಶ ಗೊತ್ತಿಲ್ಲದಿದ್ದರೆ ಒಂದು ಸರಳ ಲೆಕ್ಕವಿದೆ: ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗೆ ತುಸು ಮೇಲಿದೆ, ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,900 ಮೀಟರನ್ನು ದಾಟುತ್ತದೆ. ಪೇಟೆಯಲ್ಲಿ 15 ಇದ್ದರೆ ಮೇಲಿನ ಬೆಟ್ಟಸಾಲಿನಲ್ಲಿ ಒಂಬತ್ತು ಹತ್ತು ಎಂದಿಟ್ಟುಕೊಳ್ಳಿ.

ಈ ಲೆಕ್ಕ ಕೈಕೊಡುವ ಜಾಗವೂ ಒಂದಿದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ, ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಹಳ್ಳದ ದಂಡೆಯ, ಗದ್ದೆಬಯಲಿನ ಚಂದದ ಜಾಗಕ್ಕಿಂತ ಸ್ವಲ್ಪ ಮೇಲಿನ ಇಳಿಜಾರು ಬೆಚ್ಚಗಿರುತ್ತದೆ, ಇಬ್ಬನಿಯೂ ಕಡಿಮೆ.

ಇನ್ನು ನಾವು ನಿಜವಾಗಿ ಮಲಗುವುದಾದರೂ ಎಲ್ಲಿ? ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಆದ್ದರಿಂದ ಹೆಚ್ಚಿನ ರಾತ್ರಿಗಳು ಹೋಂಸ್ಟೇಯ ಅಂಗಳದಲ್ಲೋ, ಪರಿಚಯದವರ ತೋಟದಲ್ಲೋ, ಕೇಳಿಕೊಂಡರೆ ದೇವಸ್ಥಾನದ ಛತ್ರದಲ್ಲೋ ಕಳೆಯುತ್ತವೆ. ಮಲೆನಾಡು, ಕೊಡಗು, ಬಯಲುಸೀಮೆಯ ಚಳಿಗಾಲಕ್ಕೆ ಕಂಫರ್ಟ್ 8ರಿಂದ 10 ಡಿಗ್ರಿಯ ಚೀಲ ಸಾಕು. ಕರಾವಳಿಗೆ ಅದೂ ಬೇಡ. ಅಲ್ಲಿ ಹೊದಿಕೆಗಿಂತ ಸೊಳ್ಳೆಪರದೆಯ ಚಿಂತೆ ಮಾಡಬೇಕು. ಚಳಿಗಾಲದಲ್ಲಿ ಊಟಿಯ ಕಡೆಗೆ ಹತ್ತುವವರ ಲೆಕ್ಕ ಮಾತ್ರ ಬೇರೆ. 2,200 ಮೀಟರಿಗೂ ಮೇಲಿರುವ ಅಲ್ಲಿ ಜನವರಿಯ ಕೆಲವು ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟಿರುತ್ತದೆ.

ಲೀಟರ್ ಲೆಕ್ಕ

ಕಡಿಮೆ ಬೆಲೆಯ ಚೀಲಗಳು ಸೋಲುವುದು ಬೆಚ್ಚಗಿರುವುದರಲ್ಲಿ ಅಷ್ಟಾಗಿ ಅಲ್ಲ, ಗಾತ್ರದಲ್ಲಿ. ಲೇಬಲ್ಲಿನಲ್ಲಿ ಕಟ್ಟಿದಾಗಿನ ಅಳತೆ ಹೀಗಿರುತ್ತದೆ: 20 × 36 ಸೆಂ.ಮೀ. ಮೊದಲನೆಯದು ವ್ಯಾಸ, ಎರಡನೆಯದು ಉದ್ದ. ವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, ಮತ್ತೆ 3.14ರಿಂದ, ಮತ್ತೆ ಉದ್ದದಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರ ಕೊನೆಗೂ ಉಪಯೋಗಕ್ಕೆ ಬಂತು. 20 × 36ರ ಚೀಲ 11.3 ಲೀಟರ್. 18 × 30 ಆದರೆ 7.6. 15 × 28 ಆದರೆ 4.9. ಕಣ್ಣಿಗೆ ಚೂರು ವ್ಯತ್ಯಾಸ ಅನಿಸಿದರೂ ಮೊದಲನೆಯದು ಕೊನೆಯದರ ಎರಡರಷ್ಟಕ್ಕಿಂತ ಹೆಚ್ಚು.

ಹ್ಯಾಂಡಲ್ ಚೀಲದಲ್ಲಿ ಸಾಮಾನ್ಯವಾಗಿ ಹಿಡಿಯುವುದು 10ರಿಂದ 15 ಲೀಟರ್. ಹನ್ನೊಂದು ಲೀಟರಿನ ಸ್ಲೀಪಿಂಗ್ ಬ್ಯಾಗ್ ಅದರಲ್ಲಿ ಕೂತರೆ ಅಲ್ಲಿಗೆ ಜಾಗ ಮುಗಿಯಿತು. ಬಾಗಿದ ಹ್ಯಾಂಡಲಿನ ರೋಡ್ ಸೈಕಲ್ಲಾದರೆ ಎರಡು ಬಾಗುಗಳ ನಡುವಿನ ಅಗಲ 40 ಸೆಂಟಿಮೀಟರಿನ ಆಸುಪಾಸು. ಬ್ರೇಕ್ ಹಿಡಿಗಳೂ ಕೇಬಲ್ಲುಗಳೂ ಅದರಲ್ಲೇ ಪಾಲು ಕೇಳುತ್ತವೆ. ನೇರ ಹ್ಯಾಂಡಲಿನವರಿಗೆ ಈ ತೊಂದರೆ ಕಡಿಮೆ.

ಕುಳ್ಳಗಿರುವವರು ಇನ್ನೊಂದನ್ನು ಗಮನಿಸಬೇಕು. ಮಾರಾಟದವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಸಣ್ಣ ಫ್ರೇಮಿನ ಸೈಕಲ್ಲಿನಲ್ಲಿ ಸೀಟಿಗೂ ಹಿಂದಿನ ಟೈರಿಗೂ, ಹ್ಯಾಂಡಲಿಗೂ ಮುಂದಿನ ಟೈರಿಗೂ ನಡುವಿನ ತೆರಪು ಕಡಿಮೆ. ಸೀಟಿನ ಕೆಳಗೆ ಒಂದು ಗೇಣಾದರೂ ಜಾಗವಿಲ್ಲದಿದ್ದರೆ ದೊಡ್ಡ ಸೀಟ್‌ಬ್ಯಾಗ್ ಟೈರಿಗೆ ಉಜ್ಜುತ್ತದೆ. ಅಂಥವರಿಗೆ ವ್ಯಾಸ ಕಡಿಮೆಯಿರುವ ಚೀಲಕ್ಕೆ ಕೊಡುವ ಹಣ ದಂಡವಲ್ಲ. ಅಥವಾ ಯಾವ ಮುಜುಗರವೂ ಇಲ್ಲದೆ ಹಳೆಯ ಕ್ಯಾರಿಯರ್ ಹಾಕಿಕೊಳ್ಳಬಹುದು. ಹನ್ನೊಂದು ಲೀಟರಿನ ಅಗ್ಗದ ಚೀಲವೂ ಅದರ ಮೇಲೆ ನಿಶ್ಚಿಂತೆಯಿಂದ ಕೂರುತ್ತದೆ.

ಚೀಲವನ್ನು ಅಚ್ಚುಕಟ್ಟಾಗಿ ಮಡಿಸಿ ಸುತ್ತುವುದಕ್ಕಿಂತ ಮನಸ್ಸಿಗೆ ಬಂದಂತೆ ತುರುಕುವುದು ಲೇಸು. ಮೂಲೆಮೂಲೆಗೂ ತುಂಬಿಕೊಳ್ಳುತ್ತದೆ, ಪ್ರತಿ ಬಾರಿಯೂ ಅದೇ ಜಾಗದಲ್ಲಿ ಮಡಿಕೆ ಬಿದ್ದು ಒಳಗಿನ ಎಳೆ ಮುರಿಯುವುದಿಲ್ಲ.

ತುಪ್ಪುಳೋ, ಪಾಲಿಯೆಸ್ಟರೋ?

ಗಾತ್ರವನ್ನೂ ಬೆಲೆಯನ್ನೂ ನಿರ್ಧರಿಸುವುದು ಒಳಗೆ ತುಂಬಿದ ವಸ್ತು. ಅದರಲ್ಲಿ ಎರಡು ಬಗೆ.

ಒಂದು, ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ಮೇಲಿನ ಮೃದುವಾದ ತುಪ್ಪುಳು. ಅಂಗಡಿಯಲ್ಲಿ ಡೌನ್ ಎನ್ನುವುದು ಇದಕ್ಕೇ. ಇದರ ಗುಣಮಟ್ಟವನ್ನು ಫಿಲ್ ಪವರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ: 550, 650, 800 ಹೀಗೆ. ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪುಳು ಎಷ್ಟು ಘನ ಅಂಗುಲ ಉಬ್ಬುತ್ತದೆ ಎಂಬ ಲೆಕ್ಕ ಅದು. 650ರ ತುಪ್ಪುಳನ್ನು 28 ಗ್ರಾಂ ತೆಗೆದುಕೊಂಡರೆ ಹತ್ತು ಲೀಟರಿನ ಬಕೆಟ್ ತುಂಬಿ ಮೇಲಕ್ಕೆ ಉಕ್ಕುತ್ತದೆ. ಅದನ್ನೇ ಮುಷ್ಟಿಯಲ್ಲಿ ಹಿಂಡಿದರೆ ಮುಷ್ಟಿಯೊಳಗೇ ಅಡಗುತ್ತದೆ. ಈ ಮಾಯೆಗೆ ಕೊಡುವ ಬೆಲೆಯೇ ದುಪ್ಪಟ್ಟು, ಮುಪ್ಪಟ್ಟು. ಆದರೆ ಫಿಲ್ ಪವರ್ ಹೆಚ್ಚಿದ್ದ ಮಾತ್ರಕ್ಕೆ ಚೀಲ ಬೆಚ್ಚಗಿರುತ್ತದೆ ಎಂದಲ್ಲ. ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನೂ ನೋಡಬೇಕು.

ತುಪ್ಪುಳಿನ ಶತ್ರು ನೀರು. ಒದ್ದೆಯಾದರೆ ನೆನೆದ ಕೋಳಿಯಂತೆ ಮುದ್ದೆಗಟ್ಟುತ್ತದೆ, ಗಾಳಿಯ ಜಾಗ ಹೋಗುತ್ತದೆ, ಬಿಸುಪೂ ಹೋಗುತ್ತದೆ. ಒಣಗುವುದೂ ನಿಧಾನ. ಪ್ರಾಣಿಜನ್ಯ ವಸ್ತು ಬೇಡವೆನ್ನುವವರಿಗೆ ಇದು ಸಲ್ಲದು. ಕೊಳ್ಳುವವರೂ ಜೀವಂತ ಹಕ್ಕಿಯಿಂದ ಕಿತ್ತದ್ದಲ್ಲ ಎಂದು ಖಾತರಿ ಕೊಡುವ ಆರ್‌ಡಿಎಸ್ ಮುದ್ರೆಯನ್ನು ನೋಡಿ ಕೊಳ್ಳಬಹುದು.

ಎರಡನೆಯದು ಸಿಂಥೆಟಿಕ್, ಅಂದರೆ ಪಾಲಿಯೆಸ್ಟರ್ ಎಳೆ. ದಿಂಬಿನಲ್ಲಿ ತುಂಬುವ ನಾರಿನ ದೂರದ ನೆಂಟ. ಕಡಿಮೆ ಬೆಲೆ, ಮನೆಯಲ್ಲೇ ಒಗೆಯಬಹುದು, ತೇವವಾದರೂ ಸ್ವಲ್ಪಮಟ್ಟಿಗೆ ಉಬ್ಬಿಕೊಂಡೇ ಇರುತ್ತದೆ. ಕಂಫರ್ಟ್ 10ರ ಸಿಂಥೆಟಿಕ್ ಚೀಲ ಸುಮಾರು ಒಂದು ಕಿಲೋ ತೂಗಿ ಏಳೆಂಟು ಲೀಟರ್ ಜಾಗ ಹಿಡಿಯುತ್ತದೆ; ಅಷ್ಟೇ ಬೆಚ್ಚಗಿನ ತುಪ್ಪುಳಿನ ಚೀಲ ಅದಕ್ಕಿಂತ ಹಗುರ, ಗಾತ್ರದಲ್ಲೂ ಬಹಳ ಕಿರಿದು. ಮತ್ತೆ ಮತ್ತೆ ಹಿಂಡಿದ ಪಾಲಿಯೆಸ್ಟರ್ ವರ್ಷಗಳು ಕಳೆದಂತೆ ಉಬ್ಬುವುದನ್ನು ಮರೆಯುತ್ತದೆ. ಚೆನ್ನಾಗಿ ನೋಡಿಕೊಂಡ ತುಪ್ಪುಳು ಹೆಚ್ಚು ಕಾಲ ಬಾಳುತ್ತದೆ.

ಪಶ್ಚಿಮ ಘಟ್ಟದಲ್ಲಿ ಮಂಜು ಇಳಿದ ರಾತ್ರಿ ಗುಡಾರದ ಒಳಗೋಡೆಯಿಂದ ನೀರು ತೊಟ್ಟಿಕ್ಕುವುದುಂಟು. ನಿಮ್ಮ ಉಸಿರಿನ ತೇವವೂ ಅದಕ್ಕೆ ಸೇರುತ್ತದೆ. ಹೀಗಿರುವಾಗ, ವರ್ಷಕ್ಕೆ ನಾಲ್ಕಾರು ರಾತ್ರಿ ಹೊರಗೆ ಮಲಗುವವರಿಗೆ ನನ್ನ ಲೆಕ್ಕದಲ್ಲಿ ಸಿಂಥೆಟಿಕ್ ಚೀಲವೇ ಸರಿ. ಸಣ್ಣ ಸೈಕಲ್ಲಿನವರು, ಉತ್ತರದ ಬೆಟ್ಟಗಳಿಗೆ ಮತ್ತೆ ಮತ್ತೆ ಹೋಗುವವರು ಮಾತ್ರ ತುಪ್ಪುಳಿನ ಕಡೆ ನೋಡಲಿ. ಯಾವುದೇ ಆದರೂ ಅದರದೇ ಹೊರಚೀಲವನ್ನು ನಂಬದೆ, ದಪ್ಪನೆಯ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿ ಸುತ್ತಿ ಕಟ್ಟಬೇಕು.

ಬೆನ್ನಿನ ಕೆಳಗೆ

ದುಬಾರಿ ಚೀಲ ಕೊಂಡೂ ಚಳಿಯಲ್ಲಿ ನಡುಗುವವರ ತಪ್ಪು ಹೆಚ್ಚಾಗಿ ಇಲ್ಲಿರುತ್ತದೆ. ಮಲಗಿದಾಗ ಮೈಭಾರಕ್ಕೆ ಚೀಲದ ಕೆಳಭಾಗ ಅಪ್ಪಚ್ಚಿಯಾಗುತ್ತದೆ. ಗಾಳಿ ಇಲ್ಲ, ಅಂದರೆ ಅಲ್ಲಿ ರಕ್ಷಣೆಯೂ ಇಲ್ಲ. ನೆಲ ನಿಮ್ಮ ಶಾಖವನ್ನು ಸದ್ದಿಲ್ಲದೆ ಹೀರುತ್ತದೆ. ಅದನ್ನು ತಡೆಯುವುದು ಕೆಳಗೆ ಹಾಸುವ ಮ್ಯಾಟ್.

ಮ್ಯಾಟಿನ ತಡೆಯುವ ಶಕ್ತಿಯನ್ನು ಆರ್ ಮೌಲ್ಯ ಎನ್ನುತ್ತಾರೆ, ಹೆಚ್ಚಿದ್ದಷ್ಟೂ ಬೆಚ್ಚಗೆ. ಮಡಚುವ ಒಳ್ಳೆಯ ಫೋಮ್ ಮ್ಯಾಟಿನದು ಸುಮಾರು 2. ನಮ್ಮ ಚಳಿಗೆ ಅದು ಸಾಕು. ಎರಡು ಮ್ಯಾಟುಗಳನ್ನು ಒಂದರ ಮೇಲೊಂದು ಹಾಸಿದರೆ ಮೌಲ್ಯಗಳು ಕೂಡುತ್ತವೆ. ಊದುವ ಮ್ಯಾಟ್ ಸಣ್ಣದಾಗಿ ಮಡಚಿಕೊಳ್ಳುತ್ತದೆ, ಆದರೆ ಒಳಗೆ ಬರೀ ಗಾಳಿಯಿರುವ ಅಗ್ಗದವುಗಳಲ್ಲಿ ಆ ಗಾಳಿ ಓಡಾಡಿ ಶಾಖ ಕಳೆಯುತ್ತದೆ. ಜೊತೆಗೆ, ನಾಚಿಕೆ ಮುಳ್ಳು ಯಾವ ಬ್ರಾಂಡಿಗೂ ಮರ್ಯಾದೆ ಕೊಡುವುದಿಲ್ಲ.

ಆಕಾರ

ಮಮ್ಮಿ (ಬಟ್ಟೆ ಸುತ್ತಿ ಕಾಪಿಟ್ಟ ಈಜಿಪ್ಟಿನ ಶವ) ಎಂಬ ಹೆಸರಿನ ಚೀಲ ಹೆಗಲಲ್ಲಿ ಅಗಲ, ಕಾಲಲ್ಲಿ ಕಿರಿದು, ತಲೆಗೆ ಕುಲಾವಿ. ಒಳಗಿನ ಖಾಲಿ ಜಾಗ ಕಡಿಮೆಯಾದ್ದರಿಂದ ಬೇಗ ಬೆಚ್ಚಗಾಗುತ್ತದೆ, ಸಣ್ಣದಾಗಿ ಕಟ್ಟಿಕೊಳ್ಳುತ್ತದೆ. ಆಯತಾಕಾರದ್ದು ಆರಾಮ, ಜಿಪ್ ಪೂರ್ತಿ ಬಿಚ್ಚಿದರೆ ಹೊದಿಕೆಯೂ ಆಗುತ್ತದೆ, ಆದರೆ ದಪ್ಪ. ಪಾದದವರೆಗೂ ಬಿಚ್ಚಬಹುದಾದ ಜಿಪ್ಪಿರುವ ಮಮ್ಮಿ ಚೀಲ ನಮ್ಮ ಹವೆಗೆ ಒಗ್ಗುತ್ತದೆ. 18 ಡಿಗ್ರಿಯ ರಾತ್ರಿಗಳೇ ನಮಗೆ ಹೆಚ್ಚು.

ಹಣ ಉಳಿಸುವ ದಾರಿಗಳು

ಚೀಲದೊಳಗೆ ಹಾಕಿಕೊಳ್ಳುವ ತೆಳು ಬಟ್ಟೆಯ ಒಳಚೀಲಕ್ಕೆ ಲೈನರ್ ಎನ್ನುತ್ತಾರೆ. ರೇಷ್ಮೆಯದು ಹಗುರ. ಇದನ್ನು ಕೊಳ್ಳಬೇಕಾಗಿಯೇ ಇಲ್ಲ. ಹಳೆಯ ರೇಷ್ಮೆ ಸೀರೆಯನ್ನು ಉದ್ದಕ್ಕೆ ಮಡಿಸಿ ಎರಡು ಬದಿ ಹೊಲಿಸಿದರೆ ಆಯಿತು. ಜರಿಯಂಚನ್ನು ಮೊದಲೇ ಕತ್ತರಿಸಿಡಿ, ಇಲ್ಲವಾದರೆ ರಾತ್ರಿಯೆಲ್ಲ ಕುತ್ತಿಗೆ ಕೆರೆಯುತ್ತದೆ. ಲೈನರ್ ಒಂದೆರಡು ಡಿಗ್ರಿ ಬಿಸುಪು ಸೇರಿಸಬಹುದು. ಅದಕ್ಕಿಂತ ದೊಡ್ಡ ಲಾಭವೆಂದರೆ ಬೆವರು, ಧೂಳು ಅದಕ್ಕೆ ಅಂಟಿ ಚೀಲ ಶುಚಿಯಾಗಿ ಉಳಿಯುತ್ತದೆ.

ಹೇಗೂ ಜೊತೆಗಿರುವ ಬಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಣಗಿದ ಕಾಲುಚೀಲ, ಉಣ್ಣೆಯ ಟೋಪಿ, ಮಲಗಲಿಕ್ಕೆಂದೇ ತೆಗೆದಿಟ್ಟ ತುಂಬುತೋಳಿನ ಅಂಗಿ. ಬೆವರಿನಿಂದ ತೇವವಾದ ಸೈಕಲ್ ಉಡುಪಿನಲ್ಲೇ ಒಳಹೊಕ್ಕರೆ ಯಾವ ಚೀಲವೂ ಕಾಪಾಡದು. ಕುದಿನೀರು ತುಂಬಿ ಗಟ್ಟಿಯಾಗಿ ಮುಚ್ಚಿದ ಒಂದು ಸ್ಟೀಲ್ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಪಾದದ ಬಳಿ ಇಟ್ಟುಕೊಂಡರೆ ಮಧ್ಯರಾತ್ರಿಯವರೆಗೆ ಚಿಂತೆಯಿಲ್ಲ. ಆದರೆ ಅದು ಒಂದೇ ಪದರದ ಬಾಟಲಿಯಾಗಿರಬೇಕು. ಫ್ಲಾಸ್ಕಿನಂಥದ್ದಾದರೆ ಬಿಸಿ ಹೊರಬರುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹಣ ಪೋಲಾಗುವುದು ಲಡಾಖಿನ ಕನಸಿನಿಂದ. ಮನಾಲಿಯಿಂದ ಲೇಹ್‌ಗೆ ಸೈಕಲ್ಲಿನಲ್ಲಿ ಹೋಗುವ ಆಸೆ ಅನೇಕರಿಗಿದೆ. ಆ ದಾರಿಯ ಸರ್ಚು 4,200 ಮೀಟರಿಗೂ ಮೇಲಿದೆ, ಸೆಪ್ಟೆಂಬರಿನ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಎಂದೋ ಬರಲಿರುವ ಆ ಹತ್ತು ರಾತ್ರಿಗಳಿಗಾಗಿ ಇಂದೇ −5 ಕಂಫರ್ಟಿನ ದಪ್ಪ ಚೀಲ ಕೊಂಡು, ಅದನ್ನೇ ಕೊಡಗಿಗೂ ಹೊತ್ತು, ಒಳಗೆ ಬೆವರಿ ಒದ್ದಾಡುವವರನ್ನು ನೋಡಿದ್ದೇನೆ. ಮನಾಲಿಯಲ್ಲೂ ಲೇಹ್‌ನಲ್ಲೂ ಸ್ಲೀಪಿಂಗ್ ಬ್ಯಾಗುಗಳು ಬಾಡಿಗೆಗೆ ಸಿಗುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ದಾರಿಯ ಢಾಬಾ ಗುಡಾರಗಳಲ್ಲಿ ದಪ್ಪ ರಜಾಯಿಯೊಂದಿಗೆ ಮಲಗಲು ಜಾಗವನ್ನೂ ಕೊಡುತ್ತಾರೆ.

ಅಂಗಡಿಯಲ್ಲಿ, ತಾರಸಿಯಲ್ಲಿ

ಅಂಗಡಿಗೆ ಹೋಗುವಾಗ ಹ್ಯಾಂಡಲ್ ಚೀಲವನ್ನೂ ಒಯ್ಯಿರಿ. ಸ್ಲೀಪಿಂಗ್ ಬ್ಯಾಗನ್ನು ಅದಕ್ಕೆ ನೀವೇ ತುರುಕಿ ನೋಡಿ, ಬೇರೆಯವರಿಂದ ತುರುಕಿಸಬೇಡಿ. ಬೆಳಗಿನ ಜಾವ ಮರಗಟ್ಟಿದ ಬೆರಳುಗಳಲ್ಲಿ ಆ ಕೆಲಸ ಮಾಡುವವರು ನೀವೇ. ನಾಚದೆ ನೆಲದ ಮೇಲೆ ಹಾಸಿ ಒಳಗೆ ಮಲಗಿ. ಪಾದ ತುದಿಗೆ ಒತ್ತಿದರೆ ಅಲ್ಲಿ ಉಬ್ಬು ಸತ್ತು ಚಳಿ ನುಗ್ಗುತ್ತದೆ. ಒಂದು ಗೇಣಿಗಿಂತ ಹೆಚ್ಚು ಖಾಲಿ ಉಳಿದರೆ ಆ ಜಾಗವನ್ನೂ ನಿಮ್ಮ ಮೈಯೇ ಬಿಸಿ ಮಾಡಬೇಕಾಗುತ್ತದೆ. ಜಿಪ್ಪನ್ನು ಒಳಗಿನಿಂದ ಒಂದೇ ಕೈಯಲ್ಲಿ ಎಳೆದು ನೋಡಿ. ಅಗ್ಗದ ಚೀಲಗಳಲ್ಲಿ ಮೊದಲು ಕೈಕೊಡುವುದು ಅದೇ.

ತಂದ ಮೇಲೆ ಹಿಂಡಿದ ಸ್ಥಿತಿಯಲ್ಲಿ ಇಡಬೇಡಿ; ಹಳೆಯ ದಿಂಬುಗವಸಿನಲ್ಲಿ ಸಡಿಲವಾಗಿ ತುಂಬಿ ಬೀರುವಿನ ಮೇಲಿಡಿ. ಮರಳಿಸುವ ಅವಧಿ ಮುಗಿಯುವ ಮುನ್ನ, ಮ್ಯಾಟಿನೊಂದಿಗೆ ಒಂದು ರಾತ್ರಿ ಮನೆಯ ತಾರಸಿಯಲ್ಲಿ ಮಲಗಿ. ಮಧ್ಯರಾತ್ರಿ ಚಳಿಯಾದರೆ ಮೆಟ್ಟಿಲಿಳಿದು ಹಾಸಿಗೆಗೆ ಹೋಗಬಹುದು, ಬೆಳಗ್ಗೆ ಚೀಲವನ್ನು ಬಿಲ್ಲಿನ ಸಮೇತ ವಾಪಸು ಕೊಡಬಹುದು.